ಘಟ್ಟ ಹತ್ತುವ, ಮಳೆ ತಾಳುವ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕರಾವಳಿಯಿಂದ ಘಟ್ಟದ ಮೇಲಕ್ಕೆ ಸಾಮಾನು ಹೇರಿಕೊಂಡು, ಡಾಂಬರು ಮುಗಿದ ಮೇಲೂ ಓಡಬಲ್ಲ ಸೈಕಲನ್ನು ತಾವೇ ಜೋಡಿಸಿಕೊಳ್ಳುವವರ ಪ್ರಶ್ನೆಗಳು ಈ ತಿಂಗಳ ಅಂಕಣದಲ್ಲಿವೆ. ಪತ್ರಗಳಲ್ಲಿ ಹೆಚ್ಚಿನವು ಹ್ಯಾಂಡಲ್, ಬ್ಯಾಗು, ಬಣ್ಣಗಳ ಬಗ್ಗೆ ಕೇಳಿವೆ. ಆದರೆ ಇಂಥ ಸೈಕಲ್ ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಹಿಂದಿನ ಚಕ್ರದಲ್ಲಿ, ಸವಾರ ಸೋಲುವುದು ಗೇರಿನಲ್ಲಿ. ಆ ಎರಡು ಉತ್ತರಗಳನ್ನು ಬೇಕೆಂದೇ ಉದ್ದ ಬರೆದಿದ್ದೇವೆ.

ಅಟ್ಟದಲ್ಲಿ ಹಳೆಯ 26 ಇಂಚಿನ ಗೇರ್ ಸೈಕಲ್ ಇದೆ. ಉಕ್ಕಿನ ಫ್ರೇಮ್, ಅಲ್ಲಲ್ಲಿ ತುಕ್ಕು. ಇದನ್ನೇ ಟೂರಿಂಗ್‌ಗೆ ಸಿದ್ಧ ಮಾಡಬಹುದೇ, ಹೊಸ ಅಲ್ಯೂಮಿನಿಯಂ ಸೈಕಲ್ ಕೊಳ್ಳಬೇಕೇ? — ಬ್ರಹ್ಮಾವರದಿಂದ

ಫ್ರೇಮ್ ಗಟ್ಟಿ ಇದ್ದರೆ ಅದೇ ಸಾಕು. ಸಾಧಾರಣ ಹೈಟೆನ್ ಉಕ್ಕಿನ ಫ್ರೇಮ್ ಕ್ರೋಮೋಲಿಗಿಂತ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ ಬಲವಾದ ಉಕ್ಕು) ಒಂದು ಕೆ.ಜಿ.ಯಷ್ಟು ಭಾರ ಇರಬಹುದು. ಮೇಲೆ 15 ಕೆ.ಜಿ. ಸಾಮಾನು ಹೇರುವವರಿಗೆ ಆ ಒಂದು ಕೆ.ಜಿ. ದೊಡ್ಡ ವಿಷಯವೇ ಅಲ್ಲ. ಬಣ್ಣದ ಮೇಲಿನ ತುಕ್ಕಿಗೂ ಹೆದರಬೇಡಿ, ನೋಡಬೇಕಾದ್ದು ಒಳಗಿನ ತುಕ್ಕು. ಸೀಟಿನ ಕೊಳವೆ ಎಳೆದು ತೆಗೆಯಿರಿ, ಬಾಟಮ್ ಬ್ರ್ಯಾಕೆಟ್ (ಪೆಡಲ್ ತೋಳುಗಳ ಅಚ್ಚು, ಬೇರಿಂಗ್ ಕೂರುವ ಭಾಗ) ಬಿಚ್ಚಿಸಿ, ಟಾರ್ಚ್ ಹಾಕಿ ಇಣುಕಿ. ಪುಡಿಪುಡಿಯಾಗಿ ಕಂದು ಬಣ್ಣ ಕಂಡರೆ ತೊಂದರೆ ಇಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತಗ್ಗು ಬಿದ್ದರೆ ಆ ಫ್ರೇಮ್ ಬಿಟ್ಟುಬಿಡಿ. ಬಾಟಮ್ ಬ್ರ್ಯಾಕೆಟ್ ಬಿಚ್ಚುವಾಗ ಒಂದು ಎಚ್ಚರಿಕೆ: ಬಲಬದಿಯ, ಅಂದರೆ ಚೈನ್ ಬದಿಯ ಕಪ್ಪಿಗೆ ಎಡಮರೆ, ಅಂದರೆ ತಿರುಪಿನ ಸುತ್ತು ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮಾತ್ರ ಅದು ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಉದ್ದದ ಪೈಪು ಹಾಕಿ ಒತ್ತಿ ಮರೆ ಹಾಳು ಮಾಡಿದ ಫ್ರೇಮುಗಳು ಬಹಳ.

ಹ್ಯಾಂಡಲ್ ಕೂರುವ ಮುಂದಿನ ಹೆಡ್ ಕೊಳವೆಗೆ ಕೆಳಗಿನ ಕೊಳವೆ ಕೂಡುವ ಜಾಗದಲ್ಲಿ, ಅಡಿಭಾಗದಲ್ಲಿ, ಬೆರಳಾಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ ಎಂದೋ ಎದುರಿನಿಂದ ಗುದ್ದಿದೆ ಎಂದರ್ಥ. ಫ್ರೇಮ್ ನೆಟ್ಟಗಿದೆಯೇ ಎಂದು ನೋಡಲು ನೂಲು ಸಾಕು: ಹಿಂದಿನ ಒಂದು ಡ್ರಾಪ್‌ಔಟ್‌ಗೆ (ಚಕ್ರದ ಅಚ್ಚು ಕೂರುವ ಸೀಳಿರುವ ತಟ್ಟೆ) ಕಟ್ಟಿ, ಹೆಡ್ ಕೊಳವೆಯ ಸುತ್ತ ತಂದು, ಇನ್ನೊಂದು ಡ್ರಾಪ್‌ಔಟ್‌ಗೆ ಬಿಗಿಯಿರಿ. ಸೀಟಿನ ಕೊಳವೆಯಿಂದ ನೂಲಿಗಿರುವ ದೂರ ಎರಡೂ ಕಡೆ ಅಳೆಯಿರಿ. ಒಂದೆರಡು ಮಿ.ಮೀ. ವ್ಯತ್ಯಾಸ ನಡೆಯುತ್ತದೆ.

ಇನ್ನು ಅಳತೆಗಳು. ಹಿಂದಿನ ಡ್ರಾಪ್‌ಔಟ್‌ಗಳ ನಡುವೆ 135 ಮಿ.ಮೀ. ಇದ್ದರೆ ಒಳ್ಳೆಯದು, 130 ಇದ್ದರೂ ಉಕ್ಕಿನ ಫ್ರೇಮನ್ನು ಅಷ್ಟು ಅಗಲಿಸಬಹುದು, ಅಲ್ಯೂಮಿನಿಯಮ್ಮನ್ನು ಹಾಗೆ ಎಳೆಯಬಾರದು. ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ ಹಿಂದಿನ ಅಚ್ಚಿನ ನಡುವಿಗೆ 430 ಮಿ.ಮೀ. ಆದರೂ ಇರಲಿ, ಇಲ್ಲವಾದರೆ ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತದೆ. ಹಿಂದಿನ ಟಯರ್ ಕೂರುವ ಸಂದು ಕಡಿಮೆ ಎಂದರೆ 62 ಮಿ.ಮೀ. ಬೇಕು. 50 ಮಿ.ಮೀ. ಟಯರಿನ ಎರಡೂ ಬದಿ ಆರಾರು ಮಿ.ಮೀ. ಬಿಡುವಿಲ್ಲದಿದ್ದರೆ ಮಳೆಗಾಲದ ಕೆಂಪು ಮಣ್ಣು ಅಂಟಿ ಚಕ್ರ ತಿರುಗುವುದೇ ನಿಲ್ಲುತ್ತದೆ.

ಮುಂದಿನ ಸಸ್ಪೆನ್ಷನ್ ಫೋರ್ಕ್ ಕೆಟ್ಟಿದೆ. ತೆಗೆದು ಮಾಮೂಲಿ ಗಟ್ಟಿ ಫೋರ್ಕ್ ಹಾಕಬಹುದೇ? ಯಾವುದಾದರೂ ಆದೀತೇ? — ಮಂಗಳೂರು, ಕದ್ರಿಯಿಂದ

ಹಾಕಬೇಕು, ಆದರೆ ಯಾವುದಾದರೂ ಆಗುವುದಿಲ್ಲ. ಅಗ್ಗದ ಸಸ್ಪೆನ್ಷನ್ ಫೋರ್ಕ್ ನಮ್ಮ ಹವೆಯಲ್ಲಿ ಎರಡು ಮಳೆಗಾಲ ಕಂಡರೆ ಒಳಗೆ ತುಕ್ಕು ಹಿಡಿದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದಿನ ಕ್ಯಾರಿಯರ್ ಕಟ್ಟಲೂ ಅದರಲ್ಲಿ ಜಾಗವಿಲ್ಲ.

ಅಚ್ಚಿನ ನಡುವಿನಿಂದ ಫೋರ್ಕಿನ ಹೆಗಲಿನವರೆಗಿನ ಉದ್ದ ಇಲ್ಲಿ ಮುಖ್ಯ. 80 ಮಿ.ಮೀ. ಆಡುವ ಸಸ್ಪೆನ್ಷನ್ ಫೋರ್ಕಿನಲ್ಲಿ ಅದು ಸುಮಾರು 450 ಮಿ.ಮೀ., ನೀವು ಕುಳಿತಾಗ 15–20 ಮಿ.ಮೀ. ಕುಸಿದು 430ರ ಹತ್ತಿರ ಬರುತ್ತದೆ. ಹಳೆಯ 26 ಇಂಚಿನ ಗಟ್ಟಿ ಫೋರ್ಕು ಸುಮಾರು 400 ಮಿ.ಮೀ. ಮಾತ್ರ. ಅದನ್ನು ಹಾಕಿದರೆ ಮುಂಭಾಗ 30 ಮಿ.ಮೀ. ತಗ್ಗುತ್ತದೆ. 20 ಮಿ.ಮೀ.ಗೆ ಸುಮಾರು ಒಂದು ಡಿಗ್ರಿಯಂತೆ ಹೆಡ್ ಕೊಳವೆಯ ಕೋನ ನೆಟ್ಟಗಾಗಿ ಹ್ಯಾಂಡಲ್ ಚಂಚಲವಾಗುತ್ತದೆ, ಪೆಡಲೂ ಸುಮಾರು 12 ಮಿ.ಮೀ. ನೆಲದ ಹತ್ತಿರ ಬಂದು ಮುರಕಲ್ಲಿನ ಏಣುಗಳಿಗೆ ಬಡಿಯುತ್ತದೆ. ಆದ್ದರಿಂದ ಸಸ್ಪೆನ್ಷನ್ ಇದ್ದ ಫ್ರೇಮಿಗೆಂದೇ ಉದ್ದ ಮಾಡಿದ 430–440 ಮಿ.ಮೀ.ಯ ಉಕ್ಕಿನ ಫೋರ್ಕ್ ಹುಡುಕಿ. ಕೆಳಗೆ ಮಡ್‌ಗಾರ್ಡಿಗೆ, ಕ್ಯಾರಿಯರಿಗೆ ಬೇರೆ ಬೇರೆ ತೂತು ಇರಲಿ, ಕಾಲಿನ ನಡುಭಾಗದಲ್ಲಿ ಇನ್ನೊಂದು ಮರೆ ಇರಲಿ. ಡಿಸ್ಕ್ ಬ್ರೇಕ್ ಕಟ್ಟುವ ಕಿವಿ ಇದ್ದರೆ ಇನ್ನೂ ಒಳ್ಳೆಯದು, ಏಕೆಂದು ಮುಂದೆ ಹೇಳುತ್ತೇವೆ.

ಫೋರ್ಕಿನಿಂದ ಹೆಡ್ ಕೊಳವೆಯೊಳಗೆ ಏರುವ ಸ್ಟಿಯರರ್ ಕೊಳವೆಯ ದಪ್ಪ 28.6 ಮಿ.ಮೀ. ಹೌದೇ ಎಂದು ಕ್ಯಾಲಿಪರ್ ಹಿಡಿದು ನೋಡಿ. ಹಳೆಯ ಸೈಕಲುಗಳಲ್ಲಿ ಮರೆ ಇರುವ 25.4ರದ್ದೂ ಬರುತ್ತದೆ. ಕೊಳವೆಯನ್ನು ಮೊದಲ ದಿನವೇ ಸರಿಯಾದ ಅಳತೆಗೆ ಕತ್ತರಿಸಬೇಡಿ. ಸ್ಟೆಮ್ (ಹ್ಯಾಂಡಲ್ ಹಿಡಿಯುವ ತೋಳು) ಕೆಳಗೆ 30–40 ಮಿ.ಮೀ. ಸ್ಪೇಸರ್ ಬಳೆ ಹಾಕಿ ಒಂದು ತಿಂಗಳು ಓಡಿಸಿ, ಎತ್ತರ ಖಚಿತವಾದ ಮೇಲೆ ಕತ್ತರಿಸಿ.

ಹೆಬ್ರಿಯಿಂದ ಆಗುಂಬೆಗೆ ಸಾಮಾನಿನೊಂದಿಗೆ ತಳ್ಳದೆ ಹತ್ತಬೇಕು. ನನ್ನ ಸೈಕಲಿನಲ್ಲಿ ಮುಂದೆ 42-34-24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನ 7 ಹಲ್ಲುಚಕ್ರ. 21 ಗೇರ್ ಸಾಲದೇ? — ಹೆಬ್ರಿಯಿಂದ

ಗೇರ್ ಎಷ್ಟಿವೆ ಎಂಬುದು ಬೇಡ, ಎಲ್ಲಕ್ಕಿಂತ ಹಗುರದ ಗೇರು ಎಷ್ಟು ಹಗುರ ಎಂಬುದನ್ನು ಲೆಕ್ಕ ಹಾಕಿ. 26×2.0 ಟಯರಿನ ಸುತ್ತಳತೆ ಸುಮಾರು 2.055 ಮೀಟರ್. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ಇದರಿಂದ ಗುಣಿಸಿದರೆ, ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂದು ಸಿಗುತ್ತದೆ. ನಿಮ್ಮದರಲ್ಲಿ 24 ಭಾಗಿಸು 28: 1.76 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6.3 ಕಿ.ಮೀ. ವೇಗ.

ಈಗ ಏರು. ಸವಾರ, ಸೈಕಲ್, ಸಾಮಾನು ಸೇರಿ 100 ಕೆ.ಜಿ. ಎಂದುಕೊಳ್ಳಿ. ಶೇ. 7ರ ಚಡಾವಿನಲ್ಲಿ ಈ ವೇಗ ಕಾಯ್ದುಕೊಳ್ಳಲು ಸುಮಾರು 137 ವಾಟ್ ಬೇಕು. ಅಭ್ಯಾಸ ಇದ್ದವರಿಗೆ ಇದು ದೊಡ್ಡದಲ್ಲ, ಆದರೆ ಸೋಮೇಶ್ವರ ದಾಟಿದ ಮೇಲೆ 14 ಹಿಮ್ಮುರಿ ತಿರುವುಗಳು ಮುಗಿಯುವವರೆಗೂ ಇದನ್ನು ಬಿಡದೆ ಕೊಡಬೇಕು, ತಿರುವಿನ ಒಳಮಗ್ಗುಲಲ್ಲಿ ಏರು ಇನ್ನೂ ಕಡಿದು. ಶಕ್ತಿ ಸಾಲದಾಗ ಸುತ್ತು 60ರಿಂದ 40ಕ್ಕೆ ಇಳಿಯುತ್ತದೆ, ಆಗ ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ಮರುದಿನ ನೋಯುವುದು ಅದೇ.

ಅಗ್ಗದ ಪರಿಹಾರ: ಹಿಂದಿನ ಫ್ರೀವೀಲ್ (ಹಲ್ಲುಚಕ್ರಗಳ ಗುಚ್ಛ) ತೆಗೆದು 14-34ರದ್ದನ್ನು ಹಾಕಿ. ಆಗ ಹಗುರದ ಗೇರು 1.45 ಮೀಟರಿಗೆ ಇಳಿಯುತ್ತದೆ. ಅದರಲ್ಲಿ ಕೊನೆಯ ಎರಡು ಹಲ್ಲುಚಕ್ರಗಳ ನಡುವೆ 24ರಿಂದ 34ಕ್ಕೆ ಒಮ್ಮೆಲೇ ಜಿಗಿತ ಇದೆ, ಘಾಟಿಯಲ್ಲಿ ಅದು ಅಡ್ಡಿಯಾಗದು. ಚೈನ್ ಮಾತ್ರ ಉದ್ದ ಬೇಕು. ಚೈನನ್ನು ಡೆರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಳಗೆ ತೂರಿಸದೆ ಮುಂದಿನ ಅತಿ ದೊಡ್ಡದು, ಹಿಂದಿನ ಅತಿ ದೊಡ್ಡದು ಎರಡರ ಮೇಲೂ ಸುತ್ತಿ, ತುದಿಗಳು ಕೂಡುವ ಜಾಗದಿಂದ ಒಂದು ಇಂಚು, ಅಂದರೆ ಎರಡು ಕೊಂಡಿ ಹೆಚ್ಚು ಇಟ್ಟು ಕತ್ತರಿಸಿ. ಚಿಕ್ಕದಾದರೆ, ಅರಿಯದೆ ದೊಡ್ಡದು-ದೊಡ್ಡದಕ್ಕೆ ಹಾಕಿದ ಕ್ಷಣ ಡೆರೈಲರ್ ಕಿತ್ತು ಚಕ್ರದ ಕಡ್ಡಿಗಳ (ಸ್ಪೋಕ್) ನಡುವೆ ಹೋಗುತ್ತದೆ.

ಹೊಸದಾಗಿ ಕಟ್ಟುವವರು ಮುಂದೆ 44-32-22, ಹಿಂದೆ 9 ಚಕ್ರದ 11-34 ಕ್ಯಾಸೆಟ್ (ಫ್ರೀವೀಲಿನಂಥದೇ ಹಲ್ಲುಚಕ್ರಗಳ ಗುಚ್ಛ, ಕೂರುವ ಬಗೆ ಬೇರೆ) ಆರಿಸಿಕೊಳ್ಳಿ. ಹಗುರದ್ದು 1.33 ಮೀಟರ್: 60 ಸುತ್ತಿಗೆ ಗಂಟೆಗೆ 4.8 ಕಿ.ಮೀ., ಅದೇ ಚಡಾವಿಗೆ 104 ವಾಟ್ ಸಾಕು. 137 ಮತ್ತು 104ರ ನಡುವಿನ ಈ ಅಂತರವೇ ಸಂಜೆಗೆ ಆಗುಂಬೆ ಮುಟ್ಟಿದಾಗ ಇನ್ನೂ ಹತ್ತು ಕಿ.ಮೀ. ಹೋಗಬಹುದೋ ಇಲ್ಲವೋ ಎಂದು ತೀರ್ಮಾನಿಸುತ್ತದೆ. ಭಾರದ ಗೇರು 44-11 ಎಂದರೆ 8.2 ಮೀಟರ್, ಇಳಿಜಾರಿಗೂ ಧಾರಾಳ. ಇದಕ್ಕೆ ಹಿಂದಿನ ಡೆರೈಲರ್ ಉದ್ದ ಕೇಜಿನದೇ (ಚೈನಿನ ಸಡಿಲ ಎಳೆದಿಡುವ ಕೆಳತೋಳು) ಆಗಬೇಕು: ಮುಂದಿನ ವ್ಯತ್ಯಾಸ 22, ಹಿಂದಿನದು 23, ಒಟ್ಟು 45 ಹಲ್ಲಿನ ಸಡಿಲವನ್ನು ಅದು ಎಳೆದುಕೊಳ್ಳಬೇಕು.

ಹಿಂದಿನ ಚಕ್ರದ ಸ್ಪೋಕ್ ಪದೇ ಪದೇ ತುಂಡಾಗುತ್ತಿದೆ, ಯಾವಾಗಲೂ ಫ್ರೀವೀಲ್ ಬದಿಯದೇ. ಒಂದು ಹಾಕಿಸಿದರೆ ಇನ್ನೊಂದು. ದಪ್ಪ ಸ್ಪೋಕ್ ಹಾಕಿಸಲೇ? — ಸುರತ್ಕಲ್‌ನಿಂದ

ದಪ್ಪ ಕಡ್ಡಿ ಬೇಡ. ನಿಮ್ಮ ಕಡ್ಡಿಗಳು ಸೋತಿರುವುದು ತೆಳುವೆಂದಲ್ಲ, ಸಡಿಲ ಇದ್ದುದರಿಂದ. ಚಕ್ರ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಸ್ವಲ್ಪ ಇಳಿಯುತ್ತದೆ, ಮೇಲೆ ಹೋದಾಗ ಮರಳುತ್ತದೆ. ಒಂದು ಕಿ.ಮೀ.ಗೆ ಚಕ್ರ ಸುಮಾರು 487 ಸುತ್ತು, 100 ಕಿ.ಮೀ.ಗೆ ಪ್ರತಿ ಕಡ್ಡಿಯೂ ಹೀಗೆ ಹೆಚ್ಚುಕಡಿಮೆ 48,000 ಸಲ ಸಡಿಲಿ ಬಿಗಿಯಾಗುತ್ತದೆ. ಮೊದಲೇ ಬಿಗಿ ಕಡಿಮೆ ಇದ್ದರೆ ಕೆಳಗೆ ಬಂದಾಗ ಪೂರ್ತಿ ಸಡಿಲಾಗಿ, ಹಬ್ಬಿನ (ಚಕ್ರದ ನಡುಭಾಗ) ತೂತಿನಲ್ಲಿರುವ ಕಡ್ಡಿಯ ಬಾಗು ಅಲುಗಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿದ ಹಾಗೆ ಅಲ್ಲೇ ತುಂಡಾಗುತ್ತದೆ. ಎರಡು ಮೂರು ತುಂಡಾದವು ಎಂದರೆ ಉಳಿದವೂ ಅಷ್ಟೇ ಸೋತಿವೆ. ಒಂದೊಂದೇ ಬದಲಿಸುವುದು ದುಡ್ಡಿನ ದಂಡ. ಆ ಬದಿಯ 18 ಕಡ್ಡಿಗಳನ್ನೂ, ಸಾಧ್ಯವಾದರೆ ಇಡೀ ಚಕ್ರದ 36ನ್ನೂ, ಹೊಸದಾಗಿ ಕಟ್ಟಿಸಿ.

ಕಡ್ಡಿ ಸ್ಟೇನ್‌ಲೆಸ್ ಇರಲಿ, ದಪ್ಪ 2.0 ಮಿ.ಮೀ., ಸಿಕ್ಕಿದರೆ ನಡುವೆ 1.8 ಮಿ.ಮೀ.ಗೆ ತೆಳುವಾದದ್ದು. ನಡು ತೆಳುವಿರುವ ಕಡ್ಡಿ ಅಲ್ಲಿ ಹಿಗ್ಗುತ್ತದೆ, ಬಾಗಿನ ಮೇಲಿನ ಒತ್ತಡ ತಗ್ಗುತ್ತದೆ, ಆದ್ದರಿಂದ ಬಾಳಿಕೆಯೂ ಹೆಚ್ಚು. ರಿಮ್ಮಿನಲ್ಲಿ ಕಡ್ಡಿ ಬಿಗಿಸುವ ನಿಪ್ಪಲ್ ಹಿತ್ತಾಳೆಯದು. ಅಲ್ಯೂಮಿನಿಯಂ ನಿಪ್ಪಲ್ ಉಪ್ಪುಗಾಳಿಗೆ ಕಚ್ಚಿ ಕೂತು, ಬಿಗಿಸಲು ಹೋದಾಗ ತಿರುಚಿ ಮುರಿಯುತ್ತದೆ. ಕಟ್ಟುವುದು ಮೂರು ಅಡ್ಡದಂತೆ, ಅಂದರೆ ಒಂದು ಕಡ್ಡಿ ಹಬ್ಬಿನಿಂದ ರಿಮ್ಮಿಗೆ ಹೋಗುವಷ್ಟರಲ್ಲಿ ಅದೇ ಬದಿಯ ಮೂರನ್ನು ದಾಟಬೇಕು.

ಕಡ್ಡಿಯ ಉದ್ದವನ್ನು ಅಂಗಡಿಯವರು ಅಂದಾಜಿಗೆ ಕೊಡದಂತೆ ನೀವೇ ಲೆಕ್ಕ ಮಾಡಿಕೊಂಡು ಹೋಗಿ. ಒಂದು ಉದಾಹರಣೆ: ನಿಪ್ಪಲ್ ಕೂರುವ ಮಟ್ಟದಲ್ಲಿ ರಿಮ್ಮಿನ ವ್ಯಾಸ 540 ಮಿ.ಮೀ., ಹಬ್ಬಿನ ತೂತುಗಳ ವೃತ್ತದ ವ್ಯಾಸ 45, ಹಬ್ಬಿನ ನಡುವಿನಿಂದ ಬಲ ಚಾಚಿಗೆ (ಕಡ್ಡಿಯ ತೂತುಗಳಿರುವ ತಟ್ಟೆ) 20, ಎಡ ಚಾಚಿಗೆ 36. 36 ಕಡ್ಡಿ, ಮೂರು ಅಡ್ಡಕ್ಕೆ ಕೋನ 60 ಡಿಗ್ರಿ, ಅದರ ಕೊಸೈನ್ ಅರ್ಧ. ಬಲಕ್ಕೆ: 270ರ ವರ್ಗ, 22.5ರ ವರ್ಗ, 20ರ ವರ್ಗ ಮೂರನ್ನೂ ಕೂಡಿಸಿ, 270×22.5 ಕಳೆದು, ವರ್ಗಮೂಲ ತೆಗೆದರೆ 260.2. ಹಬ್ಬಿನ ತೂತಿನ ಅರ್ಧ, 1.3 ಕಳೆದರೆ 259 ಮಿ.ಮೀ. ಎಡಕ್ಕೆ 20ರ ಜಾಗದಲ್ಲಿ 36 ಹಾಕಿದರೆ 260.7. ಎರಡೂ ಬದಿಗೆ ಒಂದೇ ಉದ್ದದ ಕಡ್ಡಿ ಕೊಟ್ಟರೆ ಏಕೆ ಒಪ್ಪಬಾರದು ಎಂಬುದು ಇಲ್ಲಿ ಕಾಣುತ್ತದೆ.

ಬಿಗಿಸುವಾಗ ಪ್ರತಿ ನಿಪ್ಪಲ್ ಬುಡಕ್ಕೆ ಒಂದು ಹನಿ ಎಣ್ಣೆ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬಾರದು. ಬಲಬದಿ 100ರಿಂದ 120 ಕೆ.ಜಿ. ಬಲದವರೆಗೆ ಬರಲಿ, ರಿಮ್ಮಿನ ಮೇಲೆ ಬರೆದ ಮಿತಿ ಮೀರದಿರಲಿ. ಎಡಬದಿ ಅದರ ಸುಮಾರು ಅರವತ್ತು ಪ್ರತಿಶತಕ್ಕೆ ನಿಲ್ಲುತ್ತದೆ, ಅದು ಸಹಜ. ರಿಮ್ಮಿನ ಅಡ್ಡ ಬೆಂಡು ಅರ್ಧ ಮಿ.ಮೀ. ಒಳಗೆ ಬರಲಿ. ನಮ್ಮ ಕಡೆ ಹೆಚ್ಚಿನ ಅಂಗಡಿಗಳಲ್ಲಿ ಇಲ್ಲಿಗೇ ಕೆಲಸ ನಿಲ್ಲಿಸುತ್ತಾರೆ, ತೊಂದರೆ ಅಲ್ಲೇ. ಇನ್ನೊಂದು ಹೆಜ್ಜೆ ಇದೆ: ಪಕ್ಕಪಕ್ಕದ ಎರಡು ಸಮಾಂತರ ಕಡ್ಡಿಗಳನ್ನು ಕೈಗವಸು ಹಾಕಿಕೊಂಡು ಜೋರಾಗಿ ಹಿಂಡುತ್ತಾ ಚಕ್ರವನ್ನು ಪೂರ್ತಿ ಒಂದು ಸುತ್ತು ಬರಬೇಕು. ಬಾಗುಗಳು ತೂತಿನಲ್ಲಿ ಸರಿಯಾಗಿ ಕೂರುತ್ತವೆ, ತಿರುಚಿಕೊಂಡ ಕಡ್ಡಿಗಳು ಟಿಕ್ ಟಿಕ್ ಎಂದು ಬಿಡಿಸಿಕೊಳ್ಳುತ್ತವೆ. ಮತ್ತೆ ಬೆಂಡು ನೋಡಿ, ಮತ್ತೆ ಹಿಂಡಿ. ಹಿಂಡಿದ ಮೇಲೂ ಚಕ್ರ ಅಲ್ಲಾಡದಿದ್ದರೆ ಮುಗಿಯಿತು. 100 ಕಿ.ಮೀ. ಓಡಿಸಿ ಇನ್ನೊಮ್ಮೆ ಪರೀಕ್ಷಿಸಿ.

ಸಾಧ್ಯವಿದ್ದರೆ ಇದೇ ಸಂದರ್ಭದಲ್ಲಿ ಫ್ರೀವೀಲ್ ಹಬ್ ಬಿಟ್ಟು ಕ್ಯಾಸೆಟ್ ಹಬ್ ಹಾಕಿಸಿ. ಫ್ರೀವೀಲ್ ಹಬ್ಬಿನಲ್ಲಿ ಬಲಬದಿಯ ಬೇರಿಂಗ್ ಹಲ್ಲುಚಕ್ರಗಳಿಗಿಂತ ಒಳಗಿರುತ್ತದೆ. ಅಲ್ಲಿಂದ ಡ್ರಾಪ್‌ಔಟ್‌ವರೆಗಿನ ಅಚ್ಚಿಗೆ ಆಧಾರವೇ ಇಲ್ಲ. ಭಾರ ಹೇರಿ ಹೊಂಡಕ್ಕೆ ಇಳಿದಾಗ ಅಚ್ಚು ಬಾಗುವುದು, ಮುರಿಯುವುದು ಅದಕ್ಕೇ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಯ ಹತ್ತಿರ ಇರುತ್ತದೆ.

ಫ್ರೇಮಿನಲ್ಲಿ ಕ್ಯಾರಿಯರ್ ಕಟ್ಟಲು ತೂತುಗಳಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಕಿವಿ ಅಂಟಿಸಿಕೊಡುತ್ತೇವೆ ಎನ್ನುತ್ತಾರೆ. ಮಾಡಿಸಲೇ? ಇನ್ನೊಂದು, ಸಾಮಾನು ಹೇರಿದರೆ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುತ್ತದೆ. — ಕಾರ್ಕಳದಿಂದ

ಫ್ರೇಮ್ ಅಲ್ಯೂಮಿನಿಯಂ ಆದರೆ ಖಂಡಿತ ಬೇಡ. 6061 ಮಿಶ್ರಲೋಹದ ಬಲ ಬರುವುದು ಕಾರ್ಖಾನೆಯಲ್ಲಿ ಕೊಟ್ಟ ಶಾಖದ ಹದದಿಂದ. ವೆಲ್ಡಿಂಗ್ ಆದ ಜಾಗದಲ್ಲಿ ಆ ಹದ ಹೋಗಿ ಲೋಹ ಮೆತ್ತಗಾಗುತ್ತದೆ, ಮರಳಿ ಹದ ಮಾಡುವ ಕುಲುಮೆ ಶಾಪಿನಲ್ಲಿ ಇರುವುದಿಲ್ಲ. ಉಕ್ಕಿನದಾದರೂ ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ಬೇಡ; ಒಂದು ಮಿ.ಮೀ.ಗೂ ತೆಳುವಾದ ಕೊಳವೆ ತೂತಾಗುತ್ತದೆ. ಹಿತ್ತಾಳೆ ಕಡ್ಡಿಯಲ್ಲಿ ಗ್ಯಾಸ್ ಬೆಸುಗೆ ಹಾಕಬಲ್ಲ ಕೈ ಸಿಕ್ಕಿದರೆ ಮಾತ್ರ ಯೋಚಿಸಿ.

ಅದಕ್ಕಿಂತ ಸುಲಭದ ದಾರಿ ಇದೆ. ಉಕ್ಕಿನ ಡ್ರಾಪ್‌ಔಟ್ ತಟ್ಟೆ 5 ಮಿ.ಮೀ. ದಪ್ಪ ಇದ್ದು, ಸುತ್ತ ಐದು ಮಿ.ಮೀ. ಲೋಹ ಉಳಿಯುವಷ್ಟು ಜಾಗ ಇದ್ದರೆ ಅಲ್ಲೇ 4.2 ಮಿ.ಮೀ. ತೂತು ಕೊರೆದು 5 ಮಿ.ಮೀ. ಬೋಲ್ಟಿಗೆ ಟ್ಯಾಪ್ ಹೊಡೆಸಿ. ಯಾವ ಲೇತ್ ವರ್ಕ್‌ಶಾಪಿನಲ್ಲೂ ಆಗುವ ಕೆಲಸ. ಮೇಲಿನ ತುದಿಗೆ ರಬ್ಬರ್ ಒಳಪದರದ ಸ್ಟೇನ್‌ಲೆಸ್ ಪಟ್ಟಿ ಕ್ಲಾಂಪ್, ಅಥವಾ ಕಿವಿ ಇರುವ ಸೀಟ್ ಕಾಲರ್. ಬೋಲ್ಟಿಗೆ ನೀಲಿ ಥ್ರೆಡ್‌ಲಾಕರ್ ಹಾಕಿ 5 ನ್ಯೂಟನ್ ಮೀಟರಿಗೆ ಬಿಗಿಸಿ. ಕ್ಯಾರಿಯರಿನ ಮೇಲೆ 25 ಕೆ.ಜಿ. ಎಂದು ಬರೆದಿದ್ದರೂ ಮಣ್ಣುದಾರಿಗೆ 15ಕ್ಕೇ ನಿಲ್ಲಿಸಿ. ಹೊಂಡದಲ್ಲಿ ಅದೇ ಭಾರ ಕ್ಷಣಮಾತ್ರ ಎರಡು ಮೂರು ಪಟ್ಟಾಗುತ್ತದೆ.

ನಡುಕಕ್ಕೆ ಕಾರಣ ಹೆಚ್ಚಾಗಿ ಭಾರವೆಲ್ಲ ಹಿಂದೆ, ಅದೂ ಅಚ್ಚಿಗಿಂತ ಹಿಂದೆ ಇರುವುದು. ಭಾರದ ವಸ್ತುಗಳನ್ನು ಬ್ಯಾಗಿನ ತಳಕ್ಕೆ, ಮುಂದಕ್ಕೆ ಹಾಕಿ. ಒಟ್ಟಿನಲ್ಲಿ ಸುಮಾರು ಶೇ. 40ನ್ನು ಮುಂದಿನ ಫೋರ್ಕಿನ ಎರಡು ಬದಿಗೆ ಕೆಳಮಟ್ಟದಲ್ಲಿ ಹಂಚಿ. ಕ್ಯಾರಿಯರ್ ಹಿಡಿದು ಅಡ್ಡಕ್ಕೆ ಅಲುಗಾಡಿಸಿ, ಹೆಡ್‌ಸೆಟ್ (ಹೆಡ್ ಕೊಳವೆಯ ಬೇರಿಂಗ್) ಸಡಿಲವೇ ನೋಡಿ. ಇಳಿಯುವಾಗ ನಡುಕ ಶುರುವಾದರೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ. ಎರಡು ಮೊಣಕಾಲಿನಿಂದ ಮೇಲಿನ ಕೊಳವೆ ಒತ್ತಿ ಹಿಡಿದು, ಮೆಲ್ಲಗೆ ಬ್ರೇಕ್ ಹಾಕಿ.

ಮಳೆಗಾಲದಲ್ಲಿ ವಿ-ಬ್ರೇಕಿನ (ರಿಮ್ಮನ್ನು ಎರಡು ಬದಿಯಿಂದ ಒತ್ತುವ ಬ್ರೇಕ್) ರಬ್ಬರ್ ಒಂದೇ ಪ್ರವಾಸಕ್ಕೆ ಸವೆಯುತ್ತದೆ. ಡಿಸ್ಕ್ ಮಾಡಿಸುವುದು ಒಳ್ಳೆಯದೇ? — ಮೂಡುಬಿದಿರೆಯಿಂದ

ಮುಂದಿನದನ್ನು ಮಾಡಿಸಿ. ಕೆಂಪು ಮಣ್ಣಿನ ಹರಳು ನೀರಿನೊಂದಿಗೆ ರಿಮ್ಮಿಗೆ ಅಂಟಿ ರಬ್ಬರನ್ನೂ ರಿಮ್ಮನ್ನೂ ಅರೆಯುತ್ತದೆ. ತೇದುಹೋದ ಅಲ್ಯೂಮಿನಿಯಂ ಚೂರು ರಬ್ಬರಿನಲ್ಲಿ ಸಿಕ್ಕಿ ಹೊಳೆಯುವುದು ಕಂಡರೆ ಸೂಜಿಯಿಂದ ಕಿತ್ತು ತೆಗೆಯಿರಿ, ಇಲ್ಲವಾದರೆ ಅವು ರಿಮ್ಮಿನಲ್ಲಿ ಗೀರು ಕೊರೆಯುತ್ತವೆ. ರಿಮ್ಮಿನ ಬದಿಗೆ ಸ್ಕೇಲ್ ಆನಿಸಿ ನೋಡಿ. ನಡುವೆ ಗುಳಿ ಬಿದ್ದು ಬೆಳಕು ಕಂಡರೆ ಗೋಡೆ ತೆಳುವಾಗಿದೆ. ಒಂದು ಮಿ.ಮೀ.ಗಿಂತ ಕಡಿಮೆ ಉಳಿದ ಗೋಡೆ ಟಯರಿನ ಗಾಳಿಯ ಒತ್ತಡಕ್ಕೇ ಸೀಳಬಹುದು, ಚಾರ್ಮಾಡಿಯ ಇಳಿಜಾರಿನಲ್ಲಿ ಅದು ಆಗಬಾರದು.

ಹಿಂದಿನ ಫ್ರೇಮಿಗೆ ಡಿಸ್ಕಿನ ಕಿವಿ ಇಲ್ಲದಿದ್ದರೆ ಬೆಸೆಯಿಸಬೇಡಿ, ಕೊಳವೆ ಆ ಬಲಕ್ಕೆ ಮಾಡಿದ್ದಲ್ಲ. ಇಳಿಯುವಾಗ ಮುಂದಿನ ಬ್ರೇಕೇ ಹೆಚ್ಚಿನ ಕೆಲಸ ಮಾಡುವುದರಿಂದ ಡಿಸ್ಕ್ ಕಿವಿ ಇರುವ ಫೋರ್ಕ್ ಹಾಕಿ ಮುಂದೆ ಕೇಬಲ್ ಡಿಸ್ಕ್, ಹಿಂದೆ ವಿ-ಬ್ರೇಕ್ ಇಟ್ಟುಕೊಳ್ಳುವುದು ಒಳ್ಳೆಯ ಜೋಡಿ. ವಿ-ಬ್ರೇಕಿನ ಲಿವರೇ ಎಂಟಿಬಿ (ಮೌಂಟನ್ ಬೈಕ್) ಕೇಬಲ್ ಡಿಸ್ಕಿಗೂ ಹೊಂದುತ್ತದೆ. ಹೈಡ್ರಾಲಿಕ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಕಳಸದಲ್ಲೋ ಕೊಲ್ಲೂರಿನಲ್ಲೋ ಎಣ್ಣೆ ಸೋರಿದರೆ ಸರಿಮಾಡುವವರನ್ನು ಹುಡುಕಬೇಕು. ಕೇಬಲ್ ಆದರೆ ನೀವೇ ಬದಲಿಸಬಹುದು.

ಇದೇ ಎಂಟಿಬಿಗೆ ರೇಸ್ ಸೈಕಲಿನ ಬಾಗಿದ ಹ್ಯಾಂಡಲ್ ಹಾಕುವ ಆಸೆ. — ಕುಂದಾಪುರದಿಂದ

ಹ್ಯಾಂಡಲ್ ಒಂದನ್ನು ಬದಲಿಸಿದರೆ ಮುಗಿಯುವುದಿಲ್ಲ. ಎಂಟಿಬಿ ಹ್ಯಾಂಡಲಿನ ದಪ್ಪ 22.2 ಮಿ.ಮೀ., ಬಾಗಿದ ಹ್ಯಾಂಡಲಿನದು 23.8, ಈಗಿನ ಬ್ರೇಕ್ ಲಿವರ್, ಶಿಫ್ಟರ್ (ಗೇರ್ ಬದಲಿಸುವ ಹಿಡಿ) ಯಾವುದೂ ಕೂರವು. ಅದರ ಲಿವರ್ ಕೇಬಲನ್ನು ಕಡಿಮೆ ಎಳೆಯುವುದರಿಂದ ಉದ್ದ ತೋಳಿನ ವಿ-ಬ್ರೇಕ್ ಸರಿಯಾಗಿ ಹಿಡಿಯದು, 80–90 ಮಿ.ಮೀ. ತೋಳಿನ ಚಿಕ್ಕ ವಿ-ಬ್ರೇಕ್ ಬೇಕು. ಹಿಂದಿನ ಗೇರಿಗೆ ಶಿಮಾನೋದ 9 ಸ್ಪೀಡ್ ರೋಡ್ ಶಿಫ್ಟರ್, 9 ಸ್ಪೀಡ್ ಎಂಟಿಬಿ ಡೆರೈಲರ್ ಒಂದಕ್ಕೊಂದು ಹೊಂದುತ್ತವೆ. 10 ಸ್ಪೀಡಿನಲ್ಲಿ ಹೊಂದುವುದಿಲ್ಲ. ಮುಂದಿನ ಡೆರೈಲರಿನ ಎಳೆತವೂ ಬೇರೆ, ಅಲ್ಲಿಗೆ ಕ್ಲಿಕ್ ಇಲ್ಲದ ಫ್ರಿಕ್ಷನ್ ಶಿಫ್ಟರೇ ಗತಿ. ಇಷ್ಟೆಲ್ಲ ಮಾಡಿದ ಮೇಲೆ ಕೈ ಇನ್ನೂ 80–100 ಮಿ.ಮೀ. ಮುಂದೆ ಚಾಚಬೇಕಾಗುತ್ತದೆ, ಎಂಟಿಬಿಯ ಮೇಲಿನ ಕೊಳವೆ ಮೊದಲೇ ಉದ್ದ. ಕೈಯ ಹಿಡಿತ ಬದಲಿಸುತ್ತಿರಬೇಕು ಎಂಬುದಷ್ಟೇ ಉದ್ದೇಶವಾದರೆ ಚಿಟ್ಟೆ ಆಕಾರದ ಹ್ಯಾಂಡಲ್ ಹಾಕಿ. ಈಗಿನ ಲಿವರ್, ಶಿಫ್ಟರ್ ಎಲ್ಲವೂ ಅದಕ್ಕೆ ಕೂರುತ್ತವೆ.

ಮನೆ ಸಮುದ್ರದ ಹತ್ತಿರ. ಎಷ್ಟು ತೊಳೆದರೂ ತುಕ್ಕು. — ಮಲ್ಪೆಯಿಂದ

ಯಾವ ನೀರಿನಲ್ಲಿ ತೊಳೆಯುತ್ತೀರಿ? ಕಡಲ ಬದಿಯ ಬಾವಿಗಳ ನೀರು ಏಪ್ರಿಲ್–ಮೇಯಲ್ಲಿ ಉಪ್ಪಾಗುವುದುಂಟು. ಕೊನೆಯ ಒಂದು ಬಾಲ್ದಿಯಾದರೂ ನಳ್ಳಿಯ ಸಿಹಿನೀರು ಇರಲಿ. ವಾಟರ್ ಸರ್ವಿಸಿನ ಒತ್ತಡದ ಪೈಪು ಹಬ್, ಬಾಟಮ್ ಬ್ರ್ಯಾಕೆಟ್, ಹೆಡ್‌ಸೆಟ್‌ಗಳಿಗೆ ಹಿಡಿಯಬೇಡಿ, ಗ್ರೀಸನ್ನು ಸರಿಸಿ ನೀರು ಒಳಗೆ ಹೋಗುತ್ತದೆ.

ಉಕ್ಕಿನ ಫ್ರೇಮ್ ಕೊಳೆಯುವುದು ಒಳಗಿನಿಂದ. ಸೀಟಿನ ಕೊಳವೆಯ ಸೀಳಿನಿಂದ ಹಿಂದಿನ ಟಯರ್ ಎರಚಿದ ನೀರು ಇಳಿದು ಬಾಟಮ್ ಬ್ರ್ಯಾಕೆಟ್ಟಿನಲ್ಲಿ ನಿಲ್ಲುತ್ತದೆ. ಆ ಸೀಳಿಗೆ ಹಳೆಯ ಟ್ಯೂಬಿನ ಎರಡಿಂಚು ತುಂಡು ತೊಡಿಸಿ, ಬಾಟಮ್ ಬ್ರ್ಯಾಕೆಟ್ಟಿನ ತಳದಲ್ಲಿ ತೂತಿಲ್ಲದಿದ್ದರೆ 4 ಮಿ.ಮೀ.ಯ ಒಂದು ತೂತು ಕೊರೆಸಿ. ಕೊಳವೆಗಳ ಒಳಗೆ ಕಾರುಗಳ ಬಾಗಿಲಿನ ಒಳಗೆ ಸಿಂಪಡಿಸುವ ಮೇಣದ ಆ್ಯಂಟಿರಸ್ಟ್ ಹೊಡೆಸಿ, ಫ್ರೇಮನ್ನು ಎಲ್ಲ ಕಡೆ ತಿರುಗಿಸಿ ಒಂದು ದಿನ ಒಣಗಲು ಬಿಡಿ. ಮೇ ತಿಂಗಳಲ್ಲಿ ಮಾಡಿಸಿದರೆ ಮಳೆಗಾಲಕ್ಕೆ ಸಿದ್ಧ.

ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಇದ್ದರೆ ಎರಡು ತಿಂಗಳಿಗೊಮ್ಮೆ ಎಳೆದು, ಒರೆಸಿ, ಗ್ರೀಸ್ ಹಚ್ಚಿ ಹಾಕಿ. ಉಪ್ಪುನೀರು ನಡುವೆ ಸೇರಿದರೆ ಎರಡು ಲೋಹಗಳೂ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಉಬ್ಬುತ್ತದೆ, ಆಮೇಲೆ ಗರಗಸ ಹಾಕಿ ಕೊಯ್ದೇ ತೆಗೆಯಬೇಕು. ಪೆಡಲಿನ ಮರೆಗೂ ಸ್ಟೆಮ್ಮಿನ ಬೋಲ್ಟಿಗೂ ಇದೇ ಮಾತು.

ಚೈನಿಗೆ ತೆಂಗಿನೆಣ್ಣೆ ಆಗುತ್ತದೆಯೇ? — ಬಂಟ್ವಾಳದಿಂದ

ಆಗದು. ಮಳೆಗೆ ತೊಳೆದುಹೋಗುತ್ತದೆ, ಘಟ್ಟದ ಮೇಲೆ ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟುತ್ತದೆ. ಮರ ಕೊಯ್ಯುವ ಚೈನ್‌ಸಾಗೆ ಹಾಕುವ ಎಣ್ಣೆ ಸಿಕ್ಕಿದರೆ ಮಳೆಗಾಲಕ್ಕೆ ಚೆನ್ನಾಗಿ ನಿಲ್ಲುತ್ತದೆ. ಒಂದೊಂದು ರೋಲರಿಗೆ ಒಂದೊಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯಲಿಕ್ಕೆ ಮಾತ್ರ. ಚೈನಿನ ಸವೆತ ಅಳೆಯಲು ಒಂದಡಿ ಉಕ್ಕಿನ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. 1/16 ಇಂಚು ಹೆಚ್ಚಾದಾಗ ಚೈನ್ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ, 1/8 ಆಗುವವರೆಗೆ ಬಿಟ್ಟರೆ ಎರಡಕ್ಕೂ ದುಡ್ಡು ಕೊಡಬೇಕು.

ಚರ್ಮದ ಸೀಟು ಒಳ್ಳೆಯದಂತೆ? — ಪುತ್ತೂರಿನಿಂದ

ಬೇಸಿಗೆಗೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದು ಜೋಲುತ್ತದೆ, ಒಣಗಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಆ ನಾಲ್ಕು ತಿಂಗಳಿಗೆ ಬೇರೆ ಸೀಟು ಹಾಕಿಕೊಳ್ಳಿ.

ಟಯರಿನ ಗಾಳಿ ಎಷ್ಟಿರಬೇಕು? ಟ್ಯೂಬಿನ ವಾಲ್ವ್ ಯಾವುದು? ದೂರ ಹೋಗುವಾಗ ಏನೇನು ಬಿಡಿಭಾಗ ಬೇಕು? — ಕಾಪುವಿನಿಂದ

26×2.0 ಟಯರಿಗೆ, ಒಟ್ಟು ತೂಕ 100 ಕೆ.ಜಿ. ಇದ್ದರೆ, ಡಾಂಬರಿನಲ್ಲಿ ಹಿಂದೆ 45, ಮುಂದೆ 35 ಪಿ.ಎಸ್.ಐ. ಸುಮಾರಿಗೆ ಸರಿ. ಮಣ್ಣುದಾರಿಗೆ ಇಳಿದಾಗ ಎರಡರಲ್ಲೂ ಎಂಟು ಹತ್ತು ಕಡಿಮೆ ಮಾಡಿ. ತೀರಾ ಇಳಿಸಿದರೆ ಕಲ್ಲಿನ ಅಂಚಿಗೆ ಟ್ಯೂಬ್ ರಿಮ್ಮಿನ ನಡುವೆ ಚಪ್ಪಟೆಯಾಗಿ ಜೋಡಿ ತೂತು ಬೀಳುತ್ತದೆ. ವಾಲ್ವ್ ಮೋಟಾರ್ ಬೈಕಿನಂಥದೇ ಇರಲಿ, ಯಾವ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಆದರೆ ಬಂಕಿನ ಪೈಪಿನಲ್ಲಿ ಗಾಳಿ ಒಮ್ಮೆಲೇ ನುಗ್ಗುವುದರಿಂದ ಸ್ವಲ್ಪ ಸ್ವಲ್ಪವೇ ತುಂಬಿಸಿ, ನಿಮ್ಮದೇ ಗೇಜ್ ಹಿಡಿದು ನೋಡಿ. ರಿಮ್ಮಿನ ತೂತು 8.5 ಮಿ.ಮೀ. ಇದ್ದರೆ ಮಾತ್ರ ಈ ವಾಲ್ವ್ ಕೂರುತ್ತದೆ.

ಬಿಡಿಭಾಗಗಳಲ್ಲಿ ಪೇಟೆಯ ಸೈಕಲ್ ಅಂಗಡಿಯಲ್ಲೂ ಸಿಗದಂಥವನ್ನು ಮೊದಲು ಕಟ್ಟಿಕೊಳ್ಳಿ: ನಿಮ್ಮ ಫ್ರೇಮಿಗೇ ಹೊಂದುವ ಡೆರೈಲರ್ ಹ್ಯಾಂಗರ್ (ಡೆರೈಲರನ್ನು ಫ್ರೇಮಿಗೆ ಹಿಡಿಸುವ ಕಿವಿ), ನಿಮ್ಮ ಚಕ್ರದ ಎರಡೂ ಉದ್ದದ ಎರಡೆರಡು ಕಡ್ಡಿ ನಿಪ್ಪಲ್ ಸಮೇತ, ಚೈನಿನ ಎರಡು ಜೋಡುಕೊಂಡಿ, ಡಿಸ್ಕಿನ ಒಂದು ಜೊತೆ ಪ್ಯಾಡ್. ಟ್ಯೂಬ್, ಬ್ರೇಕ್ ಕೇಬಲ್, ಗೇರ್ ಕೇಬಲ್ ಒಂದೊಂದು, 5 ಮಿ.ಮೀ.ಯ ನಾಲ್ಕು ಬೋಲ್ಟ್, ಸ್ವಲ್ಪ ತಂತಿ. ಕ್ಯಾಸೆಟ್ ಬದಿಯ ಕಡ್ಡಿ ಹಾಕಲು ಕ್ಯಾಸೆಟ್ ಬಿಚ್ಚಲೇಬೇಕು, ಅದನ್ನು ಹಿಡಿದಿಡುವ ಲಾಕ್‌ರಿಂಗಿನ ಟೂಲ್ ಇಲ್ಲದಿದ್ದರೆ ಬಲಬದಿಯ ಕಡ್ಡಿ ಒಯ್ದೂ ಪ್ರಯೋಜನ ಇಲ್ಲ. ಸ್ಪ್ಯಾನರ್ ಯಾವ ಗ್ಯಾರೇಜಿನಲ್ಲೂ ಕೇಳಿದರೆ ಸಿಗುತ್ತದೆ, ಆ ಟೂಲ್ ಸಿಗುವುದಿಲ್ಲ.